ಕನಸಿನಲ್ಲಿ ತೊಟ್ಟಿಲು ಕಂಡರೆ ಯಾವ ನಂಬರು?

ಓದುಗರ ಪ್ರಶ್ನೆಗಳಿಗೆ ಬಾಗಲಕೋಟೆಯ ನಿವೃತ್ತ ಬ್ಯಾಂಕ್ ಕ್ಯಾಷಿಯರ್ ಒಬ್ಬರ ಉತ್ತರ

ಪ್ರಶ್ನೆ: ಅಕ್ಕಾವರಿಗೆ ನಮಸ್ಕಾರ. ನಮ್ಮದು ಬನಹಟ್ಟಿ. ಯಜಮಾನರು ಸಾವುಕಾರರ ಮಗ್ಗದಲ್ಲಿ ಸೀರೆ ನೇಯುತ್ತಾರೆ, ನಾನು ಮನೆಯಲ್ಲಿ ನೂಲಿನ ಕಂಡಿಕೆ ಸುತ್ತುತ್ತೇನೆ. ನಾಲ್ಕು ವರ್ಷದ ಹಿಂದೆ ಅವರಿಗೆ ಓಸಿಯಲ್ಲಿ, ಅಂದರೆ ಮಟಕಾ ನಂಬರಿನ ಜೂಜಿನಲ್ಲಿ, ನೂರು ರೂಪಾಯಿಗೆ ಎಂಟು ಸಾವಿರ ಹತ್ತಿತು. ಅಂದಿನಿಂದ ದಿನಾ ನೂರು ಹೋಗುತ್ತಿದೆ. ಬೆಳಿಗ್ಗೆ ಚಹಾಕ್ಕಿಂತ ಮೊದಲು "ಏನು ಕನಸು ಬಿತ್ತು?" ಎಂದು ಕೇಳುತ್ತಾರೆ. ಹೋದ ತಿಂಗಳು ತೊಟ್ಟಿಲು ಕಂಡಿತೆಂದೆ. 27 ಬರೆಸಿದರು, ಬಂದದ್ದು 72. ತೊಟ್ಟಿಲು ಯಾವ ಕಡೆ ತೂಗುತ್ತಿತ್ತೆಂದು ನಾನು ಸರಿಯಾಗಿ ಹೇಳಲಿಲ್ಲವಂತೆ, ಎರಡು ದಿನ ಮಾತು ಬಿಟ್ಟರು. ಈಗ ಚೀಟಿ ಬರೆಯುವವನು ಹದಿನೆಂಟು ಸಾವಿರ ಬಾಕಿ ಎಂದು ಬಾಗಿಲಿಗೆ ಬಂದಿದ್ದಾನೆ. ಸಂಘದಲ್ಲಿ ಸಾಲ ತೆಗೆದು ಮುಟ್ಟಿಸಲೇ?

ಉತ್ತರ: ಬೇಡ ತಂಗಿ. ಮೊದಲು ಅದೊಂದನ್ನು ನಿಲ್ಲಿಸಿ, ಮಿಕ್ಕದ್ದನ್ನು ಆಮೇಲೆ ಓದಿ.

ಚೀಟಿಯವನ ಬಾಕಿಗೆ ಕಾನೂನಿನಲ್ಲಿ ಬೆಲೆಯಿಲ್ಲ. 1872ರ ಕರಾರು ಕಾಯ್ದೆಯ 30ನೇ ಕಲಮಿನ ಪ್ರಕಾರ ಬಾಜಿಯ ಒಪ್ಪಂದ ಅಸಿಂಧು, ಗೆದ್ದೆನೆಂದು ಹೇಳಿಕೊಂಡು ಯಾರೂ ಕೋರ್ಟಿಗೆ ಹೋಗುವಂತಿಲ್ಲ. ಸಂಘದ ಸಾಲ ಹಾಗಲ್ಲ. ಅದಕ್ಕೆ ಬಡ್ಡಿ ಇದೆ, ವಾರದ ಕಂತು ಇದೆ, ನಿಮ್ಮ ಜೊತೆ ಕುಳಿತು ಸಹಿ ಹಾಕಿದ ಹೆಣ್ಣುಮಕ್ಕಳ ಜಾಮೀನಿದೆ. ಸುಳ್ಳು ಸಾಲವನ್ನು ನೀವೇ ಕೈಯಾರೆ ಖರೆ ಸಾಲ ಮಾಡಿಕೊಳ್ಳುತ್ತಿದ್ದೀರಿ. ಅವನು ಬಾಂಡ್ ಪೇಪರು, ಖಾಲಿ ಚೆಕ್ಕು ಎಂದು ಏನಾದರೂ ಚಾಚಿದರೆ ಇಬ್ಬರೂ ಸಹಿ ಮಾಡಬೇಡಿ. ಬೆದರಿಸಿದರೆ ಠಾಣೆಗೆ ಹೋಗಬಹುದು. ಆದರೆ ಮಟಕಾ ಆಡುವುದೂ ಕರ್ನಾಟಕ ಪೊಲೀಸ್ ಕಾಯ್ದೆಯಲ್ಲಿ ಅಪರಾಧ, ಯಜಮಾನರ ಹೆಸರೂ ಬರಬಹುದು ಎಂಬುದು ಗೊತ್ತಿರಲಿ.

ಇನ್ನು ಆಟದ ಮಾತು. "ಎಂದೂ ಹತ್ತುವುದಿಲ್ಲ" ಎಂದು ಮಾತ್ರ ಅವರಿಗೆ ಹೇಳಬೇಡಿ. ಹತ್ತುತ್ತದೆ, ಹತ್ತಿದ ದಿನ ನೀವು ಸುಳ್ಳುಗಾರ್ತಿಯಾಗುತ್ತೀರಿ. ಸೊನ್ನೆ ಸೊನ್ನೆಯಿಂದ ತೊಂಬತ್ತೊಂಬತ್ತರವರೆಗೆ ನೂರು ಜೋಡಿ. ದಿನಕ್ಕೊಂದು ಜೋಡಿಗೆ ನೂರರಂತೆ ಹಚ್ಚಿದರೆ ವರ್ಷಕ್ಕೆ 36,500 ಹೋಗುತ್ತದೆ. ಸರಾಸರಿ ಹಿಡಿದರೆ ಮೂರೋ ನಾಲ್ಕೋ ಸಲ ಹತ್ತಿ ಸುಮಾರು 29,000 ಮರಳಿ ಬರುತ್ತದೆ. ಆ ಮೂರು ದಿನ ಮನೆಗೆ ಪೇಢೆ ಬರುತ್ತದೆ, ಮಗಳಿಗೆ ಬಟ್ಟೆ ಬರುತ್ತದೆ, ಓಣಿಗೆಲ್ಲ ಸುದ್ದಿಯಾಗುತ್ತದೆ. ಉಳಿದ ಮುನ್ನೂರ ಅರವತ್ತೆರಡು ದಿನದ ನೂರು ರೂಪಾಯಿಗೆ ಸುದ್ದಿಯಿಲ್ಲ. ಪೂರ್ತಿ ಸೋಲಿಸುವ ಆಟವಾಗಿದ್ದರೆ ಅವರು ಎಂದೋ ಬಿಡುತ್ತಿದ್ದರು. ಇಪ್ಪತ್ತೇಳು ಹೋಗಿ ಎಪ್ಪತ್ತೆರಡು ಬಂದಾಗ "ಕೂದಲೆಳೆಯಲ್ಲಿ ತಪ್ಪಿತು" ಅನ್ನಿಸುತ್ತದೆ ನೋಡಿ, ಅದು ಗೆದ್ದದ್ದಕ್ಕಿಂತ ಕೆಟ್ಟದ್ದು.

ಆದ್ದರಿಂದ ವಾದ ಬೇಡ. ಗೋಡೆಯ ಕ್ಯಾಲೆಂಡರಿನಲ್ಲಿ ದಿನಾ ಬರೆಯಿರಿ: ಹೋದದ್ದು ಇಷ್ಟು, ಬಂದದ್ದು ಇಷ್ಟು. ಬಂದದ್ದನ್ನೂ ಬಿಡದೆ ಬರೆಯಿರಿ, ಇಲ್ಲವಾದರೆ ಅವರು ನಂಬುವುದಿಲ್ಲ. ನಿಮ್ಮ ಕಂಡಿಕೆಯ ಮಜೂರಿ ನಿಮ್ಮದೇ ಖಾತೆಗೆ ಬೀಳಲಿ. ಕನಸು ಕೇಳಿದರೆ "ಮಲಗಿದ್ದೇ ಗೊತ್ತು" ಎನ್ನಿ. ತೊಟ್ಟಿಲಿಗೆ ನಂಬರು ಕೊಡುವವರ ಹತ್ತಿರ ತೊಟ್ಟಿಲಿನ ಮಾತು ಆಡಬಾರದು.

ಬಿಡಬೇಕೆಂದು ಅವರಿಗೇ ಅನ್ನಿಸಿ ಬಿಡಲಾಗದಿದ್ದರೆ ಅದು ಈಗ ವೈದ್ಯರು ಒಪ್ಪಿರುವ ಕಾಯಿಲೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡುತ್ತಾರೆ, ದುಡ್ಡಿಲ್ಲ. ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆಸ್ಪತ್ರೆ ಕೂಡ ನಿಮಗೆ ದೂರವಲ್ಲ.

ಒಂದು ಮಾತು ಹೇಳದಿರಲಾರೆ. ಮುಂಬಯಿಯಲ್ಲಿ ಈ ಆಟ ಹುಟ್ಟಿದ್ದೇ ನ್ಯೂಯಾರ್ಕಿನ ಹತ್ತಿ ಪೇಟೆಯ ದರದ ಮೇಲೆ ಬಾಜಿ ಕಟ್ಟುವುದರಿಂದ. ಪೇಟೆ ತೆರೆದಾಗಿನ ದರ ಓಪನ್, ಮುಚ್ಚಿದಾಗಿನ ದರ ಕ್ಲೋಜ್, ಅದೇ ನಮ್ಮ ಓಸಿ. 1960ರ ದಶಕದಲ್ಲಿ ಆ ದರ ಬರುವುದು ನಿಂತ ಮೇಲೆ ಮಡಕೆಯಿಂದ ಚೀಟಿ ಎತ್ತತೊಡಗಿದರು, ಹೆಸರು ಮಟಕಾ ಆಯಿತು. ಹತ್ತಿಯ ಆಟ ಸುತ್ತಿ ಸುತ್ತಿ ನೇಕಾರನ ಮನೆಗೇ ಬಂದಿದೆ.

ಪ್ರಶ್ನೆ: ಇಂಡಿಯಿಂದ ನಿಂಬೆಹಣ್ಣು ತುಂಬಿಕೊಂಡು ಸೋಲಾಪುರಕ್ಕೆ ಹೋದಾಗಲೆಲ್ಲ ಮಹಾರಾಷ್ಟ್ರದ ಲಾಟರಿ ಟಿಕೆಟು ಕೊಳ್ಳುತ್ತೇನೆ. ಕೋಟಿ ರೂಪಾಯಿ ಹತ್ತಿದರೆ ಕೈಗೆ ಎಷ್ಟು ಬರುತ್ತದೆ?

ಉತ್ತರ: ಟಿಕೆಟ್ಟಿಗೂ ಮೊದಲೇ ಲೆಕ್ಕ ಕೇಳುತ್ತೀರಲ್ಲ, ವ್ಯವಹಾರಸ್ಥರು. ನಮ್ಮ ರಾಜ್ಯ 2007ರಲ್ಲಿ ಲಾಟರಿ ಮಾರಾಟ ನಿಲ್ಲಿಸಿತು, ಮಹಾರಾಷ್ಟ್ರದಲ್ಲಿ ಸರ್ಕಾರವೇ ನಡೆಸುತ್ತದೆ. ತೆರಿಗೆ ಶೇ. 30, ಅದರ ಮೇಲೆ ಸರ್ಚಾರ್ಜು, ಸೆಸ್ಸು. ಕೋಟಿಯಲ್ಲಿ ಮೂರನೇ ಒಂದು ಪಾಲಿಗಿಂತ ತುಸು ಹೆಚ್ಚೇ ಹೋಗುತ್ತದೆ. ಸೋತ ಹಳೆಯ ಟಿಕೆಟುಗಳ ಖರ್ಚನ್ನು ಅದರಲ್ಲಿ ಕಳೆಯುವಂತಿಲ್ಲ. "ನಿಮಗೆ ಬಹುಮಾನ ಬಂದಿದೆ, ಮೊದಲು ಶುಲ್ಕ ಕಟ್ಟಿ" ಎಂದು ಫೋನ್ ಬಂದರೆ ಕತ್ತರಿಸಿ.

ದೊಡ್ಡ ಹಣ ಒಮ್ಮೆಲೇ ಬರುವುದನ್ನು ನಾನು ಕೌಂಟರಿನ ಒಳಗಿನಿಂದ ನೋಡಿದ್ದೇನೆ. ಆಲಮಟ್ಟಿ ಹಿನ್ನೀರಿಗೆ ಭೂಮಿ ಹೋದವರಿಗೆ ಪರಿಹಾರ ಬರುತ್ತಿದ್ದ ಕಾಲ. ಘಟಪ್ರಭೆಯ ದಂಡೆಯ ಹಿರಿಯರೊಬ್ಬರು "ಬಾಯಿ, ಅಷ್ಟೂ ರೊಕ್ಕವನ್ನು ಒಮ್ಮೆ ಕಣ್ಣಿಲೆ ನೋಡಬೇಕು, ನೋಡಿ ಮರಳಿ ಇಡುತ್ತೇನೆ" ಎಂದರು. ವ್ಯವಸ್ಥಾಪಕರನ್ನು ಒಪ್ಪಿಸಿ ಮೇಜಿನ ಮೇಲೆ ಕಟ್ಟುಗಳನ್ನು ಇಟ್ಟೆ. ಅವರು ಮುಟ್ಟಲೇ ಇಲ್ಲ. ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತರು, ಹೊಲದ ಬದುವಿನ ಮೇಲೆ ನಿಂತ ಹಾಗೆ. ಆಮೇಲೆ ಟ್ರ್ಯಾಕ್ಟರ್ ಬಂತು, ಎರಡು ಮದುವೆಯಾದವು, ಅಳಿಯನಿಗೆ ಕೈಗಡ ಹೋಯಿತು. ಮೂರನೇ ವರ್ಷ ಪಾಸ್‌ಬುಕ್ಕಿನಲ್ಲಿ 212 ರೂಪಾಯಿ ಇತ್ತು. ಅವರು ಜನ್ಮದಲ್ಲಿ ಇಸ್ಪೀಟು ಮುಟ್ಟಿದವರಲ್ಲ. ನಿಮ್ಮ ಕೋಟಿ ಬಂದರೆ ಏನು ಮಾಡುತ್ತೀರೆಂದು ಒಂದು ಹಾಳೆಯಲ್ಲಿ ಬರೆದಿಡಿ. ಅದರಲ್ಲಿ ಕೋಟಿಯಿಲ್ಲದೆಯೇ ಆಗುವಂಥದ್ದು ಎಷ್ಟಿವೆಯೋ ನನಗೂ ತಿಳಿಸಿ.

ಪ್ರಶ್ನೆ: ಇಷ್ಟೆಲ್ಲ ಹೇಳುವ ನೀವು ಎಂದಾದರೂ ಆಡಿದ್ದೀರಾ? — ಬೆಳಗಾವಿಯ ಓದುಗರು

ಉತ್ತರ: ಆಡಿದ್ದೇನೆ. ಲಾಟರಿ ಇದ್ದ ಕಾಲದಲ್ಲಿ ಶಾಖೆಯ ಐವರು ಸೇರಿ ಪ್ರತಿ ತಿಂಗಳು ಟಿಕೆಟು ಕೊಳ್ಳುತ್ತಿದ್ದೆವು, ತಲೆಗೆ ಎರಡು ರೂಪಾಯಿ. ಟಿಕೆಟು ನನ್ನ ಡ್ರಾವರಿನಲ್ಲಿ, ಮುದ್ರೆಯ ಪ್ಯಾಡಿನ ಕೆಳಗೆ. ಒಮ್ಮೆ ಐದು ನೂರು ಬಂತು. ಆ ತಿಂಗಳು ಒಬ್ಬರು ಎರಡು ರೂಪಾಯಿ ಕೊಟ್ಟಿರಲಿಲ್ಲ, "ನಾಳೆ ಕೊಡುತ್ತೇನೆ" ಎಂದಿದ್ದರು. ಪಾಲು ಐದೋ ನಾಲ್ಕೋ ಎಂದು ದಿನಕ್ಕೆ ಲಕ್ಷಗಟ್ಟಲೆ ಎಣಿಸುವ ನಾವು ಮೂರು ದಿನ ಜಗಳವಾಡಿದೆವು. ನಾಲ್ಕು ಎಂದು ತೀರ್ಪು ಕೊಟ್ಟವಳು ನಾನು. ಈಗಲೂ ವಿದ್ಯಾಗಿರಿಯ ಕಡೆ ಎದುರಾದರೆ ಅವರು ಕೊಡೆ ಅಡ್ಡ ಹಿಡಿದುಕೊಂಡು ಹೋಗುತ್ತಾರೆ, ಮಳೆ ಇರಲಿ ಬಿಡಲಿ.