ಹೆಡ್‌ಫೋನಿನಲ್ಲಿ ದನಿ ತಡವಾಗಿ ಕೇಳುವ ಬಗ್ಗೆ

ಧಾರವಾಡದ ಮನೆಯಲ್ಲಿ ಖ್ಯಾಲ್ ರೆಕಾರ್ಡ್ ಮಾಡುವಾಗ, ಆಡಿಯೋ ಇಂಟರ್‌ಫೇಸ್ (ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ) ಇದ್ದರೂ ಹೆಡ್‌ಫೋನಿನಲ್ಲಿ ತಮ್ಮ ದನಿ ತಡವಾಗಿ ಕೇಳಿಸುವುದೇಕೆ ಎಂದು ಕೇಳಿದ್ದೀರಿ. ದನಿಯು ಕಂಪ್ಯೂಟರಿಗೆ ಹೋಗಿ, ಬಫರಿನಲ್ಲಿ (ದನಿಯ ತುಣುಕುಗಳನ್ನು, ಅಂದರೆ ಸ್ಯಾಂಪಲ್‌ಗಳನ್ನು, ತಾತ್ಕಾಲಿಕವಾಗಿ ಕೂಡಿಡುವ ಜಾಗದಲ್ಲಿ) ಕಾದು, ಮರಳಿ ಬರುವುದೇ ಕಾರಣ; 48,000 ಹರ್ಟ್ಸ್‌ನಲ್ಲಿ (ಸೆಕೆಂಡಿಗೆ ಅಷ್ಟು ಸ್ಯಾಂಪಲ್) 1024 ಸ್ಯಾಂಪಲ್‌ಗಳ ಬಫರ್ ಒಂದು ದಿಕ್ಕಿಗೇ ಸುಮಾರು 21 ಮಿಲಿಸೆಕೆಂಡ್ ತೆಗೆದುಕೊಂಡರೆ, 128ಕ್ಕೆ ಇಳಿಸಿದಾಗ ಅದು ಮೂರಕ್ಕಿಂತ ಕಡಿಮೆಯಾಗುತ್ತದೆ. ವಿಂಡೋಸ್ ಆಗಿದ್ದರೆ ಇಂಟರ್‌ಫೇಸ್ ತಯಾರಕರ ಎಎಸ್‌ಐಒ ಡ್ರೈವರನ್ನೇ (ತಡ ಕಡಿಮೆ ಮಾಡುವ ಚಾಲಕ ತಂತ್ರಾಂಶವನ್ನೇ) ಹಾಕಿಕೊಳ್ಳಿರಿ. ಆದರೂ, ತಂಬೂರಿಯ ಶ್ರುತಿಗೆ ಕಿವಿಗೊಟ್ಟು ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರು) ಎಳೆಯುವವರಿಗೆ ಅಷ್ಟು ತಡವೂ ಹಿಂಸೆಯೇ ಆದ್ದರಿಂದ, ಇಂಟರ್‌ಫೇಸಿನ ಡೈರೆಕ್ಟ್ ಮಾನಿಟರ್ ಗುಂಡಿ (ದನಿಯನ್ನು ಕಂಪ್ಯೂಟರ್ ಸುತ್ತಿಸದೆ ನೇರ ಹೆಡ್‌ಫೋನಿಗೆ ಕೊಡುವುದು) ಒತ್ತಿ, ಸಾಫ್ಟ್‌ವೇರಿನಲ್ಲಿ ಆ ಟ್ರ್ಯಾಕಿನ ಮಾನಿಟರಿಂಗ್ ನಿಲ್ಲಿಸುವುದೇ ಉತ್ತಮವೆಂದು ನನ್ನ ಅಭಿಪ್ರಾಯ. ಎರಡೂ ಚಾಲೂ ಇದ್ದರೆ ದನಿ ಎರಡೆರಡಾಗಿ ಕೇಳುತ್ತದೆ. ಗೇನನ್ನು (ಮೈಕಿನ ದನಿಯನ್ನು ಹಿಗ್ಗಿಸುವ ಮಟ್ಟವನ್ನು) ಮಾತ್ರ ಮಂದ್ರದ ಆಲಾಪ ಕೇಳಿ ಇಡಬೇಡಿರಿ. ತಾರ ಷಡ್ಜದಲ್ಲಿ ತುಂಬುದನಿಯಿಂದ ಹಾಡಿದಾಗಲೂ ಮೀಟರು ಮೈನಸ್ 10 ಡೆಸಿಬೆಲ್ ದಾಟದಿರಲಿ. 24 ಬಿಟ್ ರೆಕಾರ್ಡಿಂಗಿನಲ್ಲಿ ಮಂದ್ರಕ್ಕೂ ಸಾಕಷ್ಟು ಅವಕಾಶ ಉಳಿಯುತ್ತದೆ.