ಓದುಗರ ಪ್ರಶ್ನೆಗೆ ಉತ್ತರ: ಗೆಳೆಯನೊಂದಿಗೆ ಟರ್ಕಿಯ ಹಳ್ಳಿದಾರಿಯಲ್ಲಿ

ಪ್ರಶ್ನೆ: ನಾನು ಮೂಡಿಗೆರೆಯ ಕಾಫಿ ಬೆಳೆಗಾರ. ಕೊಯ್ಲು ಮುಗಿದು ಹೂಮಳೆಯೂ ಆದ ಮೇಲೆ, ಏಪ್ರಿಲ್ ಕೊನೆಯಲ್ಲಿ, ಸಕಲೇಶಪುರದ ನನ್ನ ಬಾಲ್ಯದ ಗೆಳೆಯನೊಂದಿಗೆ ಟರ್ಕಿಗೆ ಹೋಗಿ, ಬಾಡಿಗೆ ಕಾರಿನಲ್ಲಿ ಹಳ್ಳಿಗಳ ಕಡೆ ಸುತ್ತಾಡಬೇಕೆಂದಿದ್ದೇನೆ. ಹತ್ತು ದಿನಗಳಲ್ಲಿ ಇಸ್ತಾಂಬುಲ್, ಕಪ್ಪು ಸಮುದ್ರದ ತೀರ, ಕಪಡೋಕಿಯ, ಮೆಡಿಟರೇನಿಯನ್ ತೀರ ಎಲ್ಲವನ್ನೂ ನೋಡಿಬರಬಹುದೇ? ಚಾರ್ಮಾಡಿ, ಶಿರಾಡಿ ಘಾಟಿಗಳಲ್ಲಿ ಗಾಡಿ ಓಡಿಸಿ ಪಳಗಿದ ನಮಗೆ ಅಲ್ಲಿನ ರಸ್ತೆ ಕಷ್ಟವಾದೀತೇ?
— ಓದುಗರು, ಮೂಡಿಗೆರೆ

ಉತ್ತರ: ಹತ್ತು ದಿನಗಳಲ್ಲಿ ಅಷ್ಟನ್ನೂ ಸುತ್ತಬಹುದು, ಆದರೆ ಹಳ್ಳಿಗಳು ಕಾರಿನ ಕಿಟಕಿಯ ಆಚೆಗೇ ಉಳಿದುಬಿಡುತ್ತವೆ. ಟರ್ಕಿಯ ವಿಸ್ತೀರ್ಣ ಸುಮಾರು 7.8 ಲಕ್ಷ ಚದರ ಕಿಲೋಮೀಟರ್, ಎಂದರೆ ನಮ್ಮ ಕರ್ನಾಟಕದ ನಾಲ್ಕು ಪಟ್ಟು. ಗೆಳೆಯರಿಬ್ಬರು ನಗುನಗುತ್ತ ಹೋಗಿಬರುವ ಪ್ರವಾಸ ಇದಾಗಬೇಕಾದರೆ ದೇಶದ ಒಂದೇ ಭಾಗವನ್ನು ಆರಿಸಿಕೊಂಡು, ಉಳಿದದ್ದನ್ನು ಈ ಸಲಕ್ಕೆ ಬಿಟ್ಟುಬಿಡಿ. ನಾನೂ ನನ್ನ ಗೆಳೆಯನೂ ಹೋಗಿದ್ದಾಗ ನಮಗೆ ಬಹಳ ಹಿಡಿಸಿದ್ದು ಕೋನ್ಯಾದಿಂದ ಕಪಡೋಕಿಯದವರೆಗಿನ ಮಧ್ಯ ಅನಾತೋಲಿಯದ ದಾರಿ. ಇಸ್ತಾಂಬುಲ್‌ನಿಂದ ಕೋನ್ಯಾಕ್ಕೆ ವಿಮಾನದಲ್ಲಿ ಹೋಗಿ ಅಲ್ಲಿ ಕಾರು ಪಡೆದು, ಕೊನೆಗೆ ಕೈಸೇರಿಯಲ್ಲಿ ಒಪ್ಪಿಸಿದರೆ ಹೋದ ದಾರಿಯಲ್ಲೇ ಮರಳುವ ಶ್ರಮ ತಪ್ಪುತ್ತದೆ.

ಕೋನ್ಯಾದಲ್ಲಿ 1273ರಲ್ಲಿ ತೀರಿಕೊಂಡ ಸೂಫಿ ಕವಿ ಜಲಾಲುದ್ದೀನ್ ರೂಮಿಯ ಸಮಾಧಿಯಿದೆ. ಅದನ್ನು ನೋಡಿಕೊಂಡು ಮೊದಲು ಪಶ್ಚಿಮಕ್ಕೆ, ಸುಮಾರು 90 ಕಿಲೋಮೀಟರ್ ದೂರದ ಬೇಶೆಹಿರ್‌ಗೆ ಹೋಗಿ. ಅಲ್ಲಿನ ಸರೋವರದ ಸಮೀಪದಲ್ಲಿ, 13ನೆಯ ಶತಮಾನದ ಕೊನೆಯಲ್ಲಿ ಕಟ್ಟಿದ ಎಶ್ರೆಫೋಲು ಮಸೀದಿಯ ಒಳಗೆಲ್ಲ ಸಾಲುಸಾಲಾಗಿ ಮರದ ಕಂಬಗಳು ನಿಂತಿವೆ. ನಡುವಿನ ಚಾವಣಿಯ ಬೆಳಕಿಂಡಿಯ ಕೆಳಗೆ, ನೆಲದಲ್ಲಿ ಒಂದು ಗುಂಡಿಯಿದೆ. ಹಿಂದೆ ಚಳಿಗಾಲದ ಹಿಮ ಈ ಗುಂಡಿಯಲ್ಲಿ ಸೇರಿ ನಿಧಾನವಾಗಿ ಕರಗುತ್ತ, ಒಳಗಿನ ಗಾಳಿಯಲ್ಲಿ ತೇವವನ್ನು ಉಳಿಸಿ, ಮರ ಸೀಳದಂತೆ ಕಾಯುತ್ತಿತ್ತೆಂದು ಹೇಳುತ್ತಾರೆ. ಬೇಲೂರು, ಹಳೇಬೀಡು ಮತ್ತು ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ 2023ರ ಸೆಪ್ಟೆಂಬರ್‌ನ ಅಧಿವೇಶನದಲ್ಲೇ ಈ ಮಸೀದಿಯೂ ಅನಾತೋಲಿಯದ ಇನ್ನೂ ನಾಲ್ಕು ಮರದ ಕಂಬಗಳ ಮಸೀದಿಗಳೊಂದಿಗೆ ಅದೇ ಪಟ್ಟಿಗೆ ಸೇರಿತು. ನಮ್ಮ ಸೀಮೆಯಿಂದ ಅಷ್ಟು ದೂರ ಹೋದವರು ಇದನ್ನು ನೋಡದೆ ಬರಬಾರದು ಎಂದು ನನಗೆ ಮನಸಾರೆ ಅನಿಸುತ್ತದೆ.

ಕೋನ್ಯಾಕ್ಕೆ ಮರಳಿ ಅಕ್ಸರಾಯ್ ಕಡೆಗೆ ತಿರುಗಿದರೆ ಗೋಧಿಯ ಬಯಲು ಕಣ್ಣು ಹಾಯುವಷ್ಟು ದೂರ ಹಬ್ಬಿರುತ್ತದೆ. ಈ ಬಯಲು ಹೆಚ್ಚುಕಡಿಮೆ ನಮ್ಮ ಚಿಕ್ಕಮಗಳೂರಿನಷ್ಟೇ, ಅಂದಾಜು 1,000 ಮೀಟರ್ ಎತ್ತರದಲ್ಲಿದೆ. ಊರು ಪ್ರವೇಶಿಸುವಲ್ಲಿನ ಬೋರ್ಡುಗಳಲ್ಲಿ ಹೆಸರಿನ ಜೊತೆಗೆ ಎಷ್ಟೋ ಕಡೆ ಜನಸಂಖ್ಯೆ ಮತ್ತು ಎತ್ತರಗಳನ್ನೂ ಬರೆದಿರುತ್ತಾರೆ. ಬೋರ್ಡು ಕಾಣುವ ಮೊದಲೇ ಆ ಅಂಕಿಯನ್ನು ಊಹಿಸಬೇಕು, ಸೋತವನು ಚಹಾ ಕೊಡಿಸಬೇಕು ಎಂಬ ಪಂದ್ಯವನ್ನು ನಾವಿಬ್ಬರೂ ದಾರಿಯುದ್ದಕ್ಕೂ ಆಡಿದೆವು. ನೇರವಾದ ಆ ರಸ್ತೆಯಲ್ಲಿ ಮಂಪರು ಹತ್ತದಿರಲು ಇದಕ್ಕಿಂತ ಒಳ್ಳೆಯ ಉಪಾಯ ನನಗೆ ತಿಳಿಯದು.

ಇದೇ ದಾರಿಯಲ್ಲಿರುವ ಸುಲ್ತಾನ್‌ಹಾನಿಯಲ್ಲಿ ಅರ್ಧ ದಿನ ಕಳೆಯಿರಿ. ಸೆಲ್ಜುಕ್ ದೊರೆ ಒಂದನೆಯ ಅಲಾಉದ್ದೀನ್ ಕೈಕುಬಾದ್ 1229ರಲ್ಲಿ, ನಮ್ಮಲ್ಲಿ ಹೊಯ್ಸಳ ಎರಡನೆಯ ನರಸಿಂಹ ಆಳುತ್ತಿದ್ದ ಕಾಲದಲ್ಲಿ, ವ್ಯಾಪಾರಿಗಳಿಗಾಗಿ ಕಟ್ಟಿಸಿದ ಭಾರಿ ಛತ್ರವಿದು. ಒಂಟೆಗಳ ಸಾಲು ಒಂದು ದಿನದಲ್ಲಿ ಸಾಗುವಷ್ಟು ದೂರಕ್ಕೊಂದರಂತೆ ಇಂಥ ಛತ್ರಗಳನ್ನು ಕಟ್ಟಿಸಿದ್ದರು. ಅಂಗಳದ ನಡುವೆ ನಾಲ್ಕು ಕಮಾನುಗಳ ಮೇಲೆ ಪುಟ್ಟ ಮಸೀದಿ, ಹಿಂದೆ ಚಳಿಗಾಲದಲ್ಲಿ ತಂಗಲು ಎತ್ತರದ ಕಲ್ಲಿನ ಹಜಾರ ಇವೆ.

ಸಮಯವಿದ್ದರೆ ಕರಪಿನಾರ್ ಕಡೆಯಿಂದ ಬಳಸಿ ಹೋಗಬಹುದು. ಅಲ್ಲಿ ಹೊಲಗಳ ನಡುವೆ ನೆಲ ಇದ್ದಕ್ಕಿದ್ದಂತೆ ಕುಸಿದು ದೊಡ್ಡ ಗುಂಡಿಗಳಾಗಿವೆ. ನೆಲದಡಿಯ ಸುಣ್ಣಕಲ್ಲು ಕರಗಿ ಪೊಳ್ಳಾಗುವುದು ಅಲ್ಲಿ ಹಿಂದಿನಿಂದಲೂ ಇದ್ದದ್ದೇ. ಆದರೆ ಸಕ್ಕರೆ ಬೀಟ್ ಮತ್ತು ಮೆಕ್ಕೆಜೋಳಕ್ಕಾಗಿ ಅಂತರ್ಜಲವನ್ನು ಮಿತಿಮೀರಿ ಎತ್ತಿದ್ದರಿಂದ, ಒಳಗಿನ ನೀರಿನ ಆಸರೆ ತಪ್ಪಿ ಕುಸಿತಗಳು ಹೆಚ್ಚಿದವು. ನಮ್ಮ ಕಡೂರು, ಅರಸೀಕೆರೆಗಳ ಕಡೆ ಕೊಳವೆಬಾವಿ ಕೊರೆಸಿ ಕೊರೆಸಿ ಸೋತ ರೈತರನ್ನು ಕಂಡವರು ಆ ಗುಂಡಿಯ ಅಂಚಿಗೆ ನಿಂತರೆ ಮಾತು ಬೇರೆಡೆ ಹರಿಯುವುದಿಲ್ಲ. ಅಂಚಿಗೆ ತೀರ ಹತ್ತಿರ ಮಾತ್ರ ಹೋಗಬೇಡಿ.

ಅಲ್ಲಿಂದ ಮುಂದೆ ಇಹ್ಲಾರಾ ಕಣಿವೆ, ಸುಮಾರು 85 ಮೀಟರ್ ಆಳಕ್ಕೆ ಕೊರೆದ ದೆರಿನ್‌ಕುಯು ಎಂಬ ನೆಲದಡಿಯ ಊರು, ಬಲೂನುಗಳ ಗೊರೆಮೆ ಇವೆಲ್ಲ ಸಿಗುತ್ತವೆ. ಅವುಗಳ ಬಗ್ಗೆ ಮಾಹಿತಿ ಎಲ್ಲೆಡೆ ದೊರೆಯುವುದರಿಂದ ಇಲ್ಲಿ ವಿವರಿಸುವುದಿಲ್ಲ.

ರಸ್ತೆಯ ವಿಷಯಕ್ಕೆ ಬಂದರೆ, ಘಾಟಿಯ ಅನುಭವ ನಿಮ್ಮ ಕೈಹಿಡಿಯುತ್ತದೆ, ಆದರೆ ಅಲ್ಲಿ ಗಾಡಿ ಓಡಿಸುವುದು ರಸ್ತೆಯ ಬಲಗಡೆ, ಸ್ಟೇರಿಂಗ್ ಇರುವುದು ಎಡಗಡೆ. ಮೊದಲ ದಿನ ಇಂಡಿಕೇಟರ್ ಹಾಕಲು ಹೋದರೆ ವೈಪರ್ ಆಡುವುದು ಸಾಮಾನ್ಯ, ಅದಕ್ಕೆ ನಕ್ಕುಬಿಡಿ. ನಿಜವಾದ ಅಪಾಯವಿರುವುದು ಬೆಳಿಗ್ಗೆ ಖಾಲಿ ಹಳ್ಳಿ ರಸ್ತೆಗೆ ಇಳಿಯುವಾಗ ಮತ್ತು ಎಡಕ್ಕೆ ತಿರುಗುವಾಗ. ಎದುರಿಗೆ ಗಾಡಿಗಳಿಲ್ಲದಿದ್ದಾಗ ಕೈ ತಾನಾಗಿ ಹಳೆಯ ರೂಢಿಗೆ ಹೊರಳುತ್ತದೆ. ಆದ್ದರಿಂದ ಪಕ್ಕದಲ್ಲಿ ಕುಳಿತವರು ಪ್ರತಿ ತಿರುವಿನಲ್ಲೂ ‘ಬಲಕ್ಕೆ ಮಾರಾಯ, ಬಲಕ್ಕೆ’ ಎಂದು ಗಟ್ಟಿಯಾಗಿ ಹೇಳಲಿ, ಓಡಿಸುವವರು ಅದಕ್ಕೆ ಮುನಿಸಿಕೊಳ್ಳದಿರಲಿ. ಕುರಿಮಂದೆ ಅಡ್ಡ ಬಂದರೆ ಕಾರಿನಿಂದ ಇಳಿಯಬೇಡಿ, ಏಕೆಂದರೆ ಮಂದೆ ಕಾಯುವ ಕಾಂಗಾಲ್ ತಳಿಯ ನಾಯಿಗಳು ಬಹಳ ದೊಡ್ಡವು, ತಮ್ಮ ಕೆಲಸದಲ್ಲಿ ನಿಷ್ಠೆಯುಳ್ಳವು.

ಪ್ರಶ್ನೆ: ನನ್ನ ಗೆಳತಿಯೂ ನಾನೂ ನಿವೃತ್ತ ಶಿಕ್ಷಕಿಯರು, ಶುದ್ಧ ಸಸ್ಯಾಹಾರಿಗಳು. ಅಲ್ಲಿನ ಹಳ್ಳಿಗಳಲ್ಲಿ ನಮಗೆ ಊಟ ಸಿಕ್ಕೀತೇ? ಬೆಳಗಿನ ಕಾಫಿಯ ಗತಿಯೇನು?
— ಓದುಗರು, ಹಾಸನ

ಉತ್ತರ: ಖಂಡಿತ ಸಿಗುತ್ತದೆ. ಸಣ್ಣ ಊರುಗಳಲ್ಲಿ ಲೊಕಾಂತಾ ಎಂಬ ಊಟದ ಮನೆಗಳಿರುತ್ತವೆ. ಬೇಯಿಸಿದ್ದನ್ನೆಲ್ಲ ಗಾಜಿನ ಹಿಂದೆ ಇಟ್ಟಿರುವುದರಿಂದ ಭಾಷೆ ಬರದಿದ್ದರೂ ಬೆರಳು ತೋರಿಸಿ ಬಡಿಸಿಕೊಳ್ಳಬಹುದು. ‘ಎತ್ಸಿಜ್’ ಎಂದರೆ ಮಾಂಸವಿಲ್ಲದ್ದು ಎಂದರ್ಥ. ಆದರೆ ಬೇಳೆಯ ಸೂಪನ್ನೂ ಕೆಲವೆಡೆ ಮಾಂಸ ಬೇಯಿಸಿದ ನೀರಿನಲ್ಲಿ ಮಾಡುತ್ತಾರಾದ್ದರಿಂದ ಅದನ್ನು ಬೇರೆಯಾಗಿ ಕೇಳಿ. ನಿಮಗೆ ಹೆಚ್ಚು ಒಗ್ಗುವುದು ಗೊಜ್ಲೆಮೆ. ಹೆಂಗಸರು ಗುಂಡನೆಯ ತಗ್ಗು ಮಣೆಯ ಮುಂದೆ ಕುಳಿತು, ಸಣ್ಣ ಉದ್ದನೆಯ ಕೋಲಿನಿಂದ ಹಿಟ್ಟನ್ನು ತೆಳ್ಳಗೆ ಲಟ್ಟಿಸಿ, ಸೊಪ್ಪು, ಆಲೂಗಡ್ಡೆ ಅಥವಾ ಚೀಸ್ ಹರಡಿ ಮಡಚಿ, ದೊಡ್ಡ ಕಾವಲಿಯ ಮೇಲೆ ಬೇಯಿಸಿ ಕೊಡುತ್ತಾರೆ. ಜೊತೆಗೆ ಐರಾನ್ ಕೇಳಿದರೆ ಉಪ್ಪು ಹಾಕಿದ ತಂಪು ಮಜ್ಜಿಗೆ ಬರುತ್ತದೆ. ‘ಇಲ್ಲ’ ಎನ್ನಲು ಅಲ್ಲಿನವರು ಹುಬ್ಬೇರಿಸಿ ತಲೆಯನ್ನು ತುಸು ಹಿಂದಕ್ಕೆತ್ತುತ್ತಾರೆ. ನಮ್ಮ ಕಣ್ಣಿಗೆ ಅದು ಒಪ್ಪಿಗೆಯಂತೆಯೂ ಕಾಣಬಹುದು, ಆದ್ದರಿಂದ ಗಮನವಿರಲಿ.

ಕಾಫಿಯನ್ನು ಹುಡಿಹುಡಿಯಾಗಿ ಬೀಸಿ, ಜೆಜ್ವೆ ಎಂಬ ಉದ್ದ ಹಿಡಿಯ ಪುಟ್ಟ ಪಾತ್ರೆಯಲ್ಲಿ ಕಾಯಿಸಿ, ಸೋಸದೆ, ಹಾಲಿಲ್ಲದೆ ಕೊಡುತ್ತಾರೆ. ಸಕ್ಕರೆಯನ್ನು ಕಾಯಿಸುವಾಗಲೇ ಹಾಕುವುದರಿಂದ ಮೊದಲೇ ಹೇಳಬೇಕು: ‘ಸಾದೆ’ ಎಂದರೆ ಸಕ್ಕರೆ ಇಲ್ಲದ್ದು, ‘ಓರ್ತಾ’ ಎಂದರೆ ಮಧ್ಯಮ ಸಿಹಿ. ತಳದ ಚರಟವನ್ನು ಕುಡಿಯಬೇಡಿ. ಬಾಬಾಬುಡನ್ ನಮ್ಮ ಗಿರಿಗೆ ಬೀಜ ತಂದರೆಂದು ಹೇಳುವ ಯೆಮನ್ ನಾಡಿನಿಂದಲೇ 16ನೆಯ ಶತಮಾನದಲ್ಲಿ ಕಾಫಿ ಇಸ್ತಾಂಬುಲ್ ತಲುಪಿದ್ದು. ಆದರೂ ಹಳ್ಳಿಗಳಲ್ಲಿ ದಿನವಿಡೀ ಕುಡಿಯುವುದು ಕಪ್ಪು ಸಮುದ್ರದ ಬದಿಯ ರಿಜೆಯಲ್ಲಿ ಬೆಳೆದ ಚಹಾವನ್ನು. ಒಂದರ ಮೇಲೊಂದಿಟ್ಟ ಎರಡು ಕೆಟಲ್‌ಗಳಲ್ಲಿ ಮೇಲಿನದರಲ್ಲಿ ಗಟ್ಟಿ ಡಿಕಾಕ್ಷನ್, ಕೆಳಗಿನದರಲ್ಲಿ ಬಿಸಿನೀರು ಇರುತ್ತದೆ. ಎರಡನ್ನೂ ಬೆರೆಸಿ ಸಣ್ಣ ಗಾಜಿನ ಲೋಟಕ್ಕೆ ಸುರಿದುಕೊಡುತ್ತಾರೆ. ಬೇಡವೆನ್ನುವವರೆಗೂ ತುಂಬುತ್ತಲೇ ಇರುತ್ತಾರಾದ್ದರಿಂದ, ಸಾಕೆನಿಸಿದಾಗ ಚಮಚವನ್ನು ಲೋಟದ ಬಾಯಿಯ ಮೇಲೆ ಅಡ್ಡ ಇಡಿ.

ಪ್ರಶ್ನೆ: ನಮ್ಮ ಡಿಎಲ್ ಅಲ್ಲಿ ನಡೆಯುತ್ತದೆಯೇ? ವೀಸಾ ಸುಲಭವೇ?
— ಓದುಗರು, ಅರಸೀಕೆರೆ

ಉತ್ತರ: ಮೂಲ ಡಿಎಲ್ ಜೊತೆಗೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನೂ ಒಯ್ಯಿರಿ, ಇದನ್ನು ಆರ್‌ಟಿಒ ಕಚೇರಿಯಲ್ಲೇ ಕೊಡುತ್ತಾರೆ, ಒಂದು ವರ್ಷದವರೆಗೆ ಚಾಲ್ತಿಯಲ್ಲಿರುತ್ತದೆ. ಅಮೆರಿಕ, ಬ್ರಿಟನ್, ಐರ್ಲೆಂಡ್ ಅಥವಾ ಷೆಂಗೆನ್ ದೇಶಗಳ ಚಾಲ್ತಿಯಲ್ಲಿರುವ ವೀಸಾ ಉಳ್ಳ ಭಾರತೀಯರು ಇ-ವೀಸಾ ಪಡೆಯಬಹುದು. ಉಳಿದವರು ಅರ್ಜಿ ಸಲ್ಲಿಸಿ ಪಾಸ್‌ಪೋರ್ಟ್‌ನಲ್ಲಿ ವೀಸಾ ಹಾಕಿಸಿಕೊಳ್ಳಬೇಕಾಗುತ್ತದೆ, ಅದಕ್ಕೆ ಸಾಕಷ್ಟು ಮೊದಲೇ ಹೊರಡಿ. ಕಾರು ಪಡೆಯುವಾಗ ಗಾಜಿನ ಮೇಲೆ ಟೋಲ್‌ನ ಎಚ್‌ಜಿಎಸ್ ಸ್ಟಿಕ್ಕರ್ ಇದೆಯೇ ಎಂದು ಕೇಳಿ ಖಚಿತಪಡಿಸಿಕೊಳ್ಳಿ. ತುರ್ತು ಸಂದರ್ಭದಲ್ಲಿ ಪೊಲೀಸ್, ಆಂಬುಲೆನ್ಸ್ ಎಲ್ಲದಕ್ಕೂ ಅಲ್ಲಿ 112 ಒಂದೇ ಸಂಖ್ಯೆ.