ತಾಳಿಕೋಟೆಗೆ ಹೋಗಬೇಡಿ, ಹೊಳೆಗೆ ಹೋಗಿ

ವಿಜಯಪುರ ನೋಡಿಕೊಂಡು ಹಂಪಿಗೆ ಹೋಗುವಾಗ ದಾರಿಯಲ್ಲಿ ಮಕ್ಕಳಿಗೆ ತಾಳಿಕೋಟೆ ಯುದ್ಧಭೂಮಿ ತೋರಿಸಬೇಕು, ಒಂದು ಗಂಟೆ ಸಾಕಾ, ಅಲ್ಲಿ ನೋಡೋಕೆ ಏನಿದೆ ಅಂತ ಕೇಳಿದ್ದೀರಿ. ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಆರು ವರ್ಷದ ಹಿಂದೆ ನಾನೂ ಇದೇ ಲೆಕ್ಕ ಹಾಕಿಕೊಂಡು ಕಾರು ತೆಗೆದಿದ್ದೆ.

ನಮ್ಮಪ್ಪ ಹೊಸಪೇಟೆ ಹತ್ತಿರದ ಹೈಸ್ಕೂಲಿನಲ್ಲಿ 31 ವರ್ಷ ಸಮಾಜ ಪಾಠ ಮಾಡಿದವರು. 1565ರ ಕದನವನ್ನು ಪ್ರತಿ ವರ್ಷ ಬೋರ್ಡಿನ ಮೇಲೆ ನಕ್ಷೆ ಬರೆದೇ ಹೇಳುತ್ತಿದ್ದರು. ಮೇಲೆ ಕೃಷ್ಣೆಯ ಗೆರೆ, ಕೆಳಗೆ ತುಂಗಭದ್ರೆಯ ಗೆರೆ. ನಾನೂ ಅವರ ಕ್ಲಾಸಿನಲ್ಲೇ ಕೂತು ಕೇಳಿದ್ದೇನೆ. ಹಾಳು ಹಂಪಿಯನ್ನು ದಿನಾ ನೋಡಿಕೊಂಡೇ ಬದುಕಿದ ಮನುಷ್ಯ, ಅದು ಹಾಳಾಗೋಕೆ ಕಾರಣವಾದ ಜಾಗವನ್ನು ಒಂದು ಸಲವೂ ನೋಡಿರಲಿಲ್ಲ. ಎಪ್ಪತ್ತನಾಲ್ಕು ತುಂಬಿದ ವರ್ಷ ಕರೆದುಕೊಂಡು ಹೋಗಿ ನಿಲ್ಲಿಸಬೇಕು ಅಂತ ನನಗೆ ಆಸೆ ಹುಟ್ಟಿತು. ಹೇಳದೆ ಕರೆದುಕೊಂಡು ಹೋಗಬೇಕು ಅನ್ನೋ ಆಸೆ ಬೇರೆ. ಅಲ್ಲೇ ಕೆಟ್ಟಿತು.

ಜನವರಿ ತಿಂಗಳು. ವಿಜಯಪುರದಲ್ಲಿ ಎರಡು ದಿನ ಚೆನ್ನಾಗಿಯೇ ಕಳೆಯಿತು. ಮಲಿಕ್-ಎ-ಮೈದಾನ್ ತೋಪಿನ ಬಾಯಿ ಸಿಂಹದ ದವಡೆಯ ಹಾಗಿದೆ, ಅದರೊಳಗೆ ಒಂದು ಪುಟ್ಟ ಆನೆ ಸಿಕ್ಕಿಕೊಂಡಿದೆ. ಮಗಳು ಅದನ್ನು ಬಿಟ್ಟು ಬರಲು ಒಪ್ಪಲೇ ಇಲ್ಲ. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದ ತೋಪು ಅದು. ನಾವು ನೋಡಹೊರಟ ಯುದ್ಧದಲ್ಲೂ ಅದು ಇತ್ತು ಅಂತ ಹೇಳುತ್ತಾರೆ. ಮೂರನೆಯ ದಿನ ಬೆಳಿಗ್ಗೆ ಎಲ್ಲರೂ ಮಲಗಿರುವಾಗಲೇ ಫೋನಿನ ಮ್ಯಾಪಿನಲ್ಲಿ 'ತಾಳಿಕೋಟೆ' ಅಂತ ಹಾಕಿದೆ. ಅಪ್ಪನನ್ನು ಕೇಳಲಿಲ್ಲ. ಕೇಳಿದರೆ ಗುಟ್ಟು ರಟ್ಟಾಗುತ್ತದಲ್ಲ!

ಈ ತಪ್ಪನ್ನು ಬಿಡಿಸಿ ಹೇಳಲೇಬೇಕು, ಯಾಕೆಂದರೆ ನೀವೂ ಅದನ್ನೇ ಮಾಡಲು ಹೊರಟಿದ್ದೀರಿ. ಯುದ್ಧಕ್ಕೆ ತಾಳಿಕೋಟೆಯ ಹೆಸರಿದೆ, ಆದರೆ ತಾಳಿಕೋಟೆ ಊರಿನಲ್ಲಿ ಯುದ್ಧ ನಡೆದಿಲ್ಲ. ವಿಜಾಪುರದ ಅಲಿ ಆದಿಲ್‌ಶಾಹ, ಅಹಮದ್‌ನಗರದ ಹುಸೇನ್ ನಿಜಾಮ್‌ಶಾಹ, ಗೋಲ್ಕೊಂಡದ ಇಬ್ರಾಹಿಂ ಕುತುಬ್‌ಶಾಹ, ಬೀದರಿನ ಅಲಿ ಬರೀದ್, ವಿಜಯನಗರದ ವಿರುದ್ಧ ಒಂದಾದ ಈ ನಾಲ್ವರು ಸುಲ್ತಾನರ ಸೈನ್ಯ 1564ರ ಡಿಸೆಂಬರ್ ಕೊನೆಯಲ್ಲಿ ತಾಳಿಕೋಟೆಗೆ ಬಂದು ಇಳಿದಿತ್ತು, ಅಷ್ಟೇ. ಕಾದಾಡಿದ್ದು 1565ರ ಜನವರಿ 23ರಂದು, ಇನ್ನೂ ದಕ್ಷಿಣಕ್ಕೆ, ಕೃಷ್ಣೆಯ ಹತ್ತಿರ. ಅದಕ್ಕೇ ನಮ್ಮ ಕಡೆ ಇದನ್ನು ರಕ್ಕಸಗಿ-ತಂಗಡಗಿ ಕದನ ಅಂತಲೂ ಕರೆಯುತ್ತಾರೆ. ಅವೆರಡೂ ಹೊಳೆಯ ಕಡೆಯ ಹಳ್ಳಿಗಳು. ತಾಳಿಕೋಟೆ ಇರುವುದು ಡೋಣಿ ನದಿಯ ಮೇಲೆ, ಕೃಷ್ಣೆಯ ಮೇಲಲ್ಲ. ಇದನ್ನೆಲ್ಲ ನಾನು ಹತ್ತನೇ ಕ್ಲಾಸಿನಲ್ಲಿ ಅಪ್ಪನ ಬಾಯಿಂದಲೇ ಕೇಳಿದ್ದೆ. ಪರೀಕ್ಷೆಗೆ ಬರೆದು ಮರೆತಿದ್ದೆ.

ಮಧ್ಯಾಹ್ನ ಒಂದೂವರೆಗೆ ತಾಳಿಕೋಟೆ ತಲುಪಿದೆವು. ಕಾರು ನಿಲ್ಲಿಸಿ, "ಅಪ್ಪಾ, ಇಳೀರಿ, ಎಲ್ಲಿದ್ದೀವಿ ಹೇಳಿ ನೋಡೋಣ" ಅಂದೆ. ಅಪ್ಪ ಇಳಿದರು. ಸುತ್ತ ನೋಡಿದರು. ಏನೂ ಹೇಳಲಿಲ್ಲ. ನಾನು ಅಲ್ಲಿ ಇಲ್ಲಿ ಯುದ್ಧಭೂಮಿ ಎಲ್ಲಿ ಅಂತ ವಿಚಾರಿಸುತ್ತಾ ಊರೆಲ್ಲ ಸುತ್ತಿಸಿದೆ. ಕೊನೆಗೆ ಚಹಾದಂಗಡಿಯಲ್ಲಿ ಕೂತಿದ್ದ ಒಬ್ಬ ಹಿರಿಯರು, "ದಂಡು ಬಂದು ಇಳಿದಿದ್ದು ಇಲ್ಲೇರೀ. ಕಾಳಗ ಆಗಿದ್ದು ಹೊಳಿ ಕಡೆ. ತಂಗಡಗಿಗೆ ಹೋಗ್ರಿ" ಅಂದರು. ಅಪ್ಪ ಆಗ ಬಾಯಿ ಬಿಟ್ಟರು: "ಊಟಕ್ಕೆ ನಿಲ್ಸಿದಿ ಅಂದ್ಕೊಂಡಿದ್ನಪ್ಪ. ಮೊದ್ಲೇ ಕೇಳಿದ್ರೆ ಹೇಳ್ತಿದ್ನಲ್ಲ."

ಆಗಲೇ ಮೂರೂವರೆ. ಮಕ್ಕಳಿಗೆ ಹಸಿವು, ಊಟ ಮುಗಿಸುವಷ್ಟರಲ್ಲಿ ನಾಲ್ಕೂವರೆ. ಮುದ್ದೇಬಿಹಾಳ ದಾಟಿ ತಂಗಡಗಿ ಹೊಳೆಯ ಹತ್ತಿರ ಬಂದಾಗ ಸೂರ್ಯ ಮುಳುಗಿದ್ದ. ಜನವರಿಯಲ್ಲಿ ಬೇಗ ಕತ್ತಲಾಗುತ್ತದೆ. ಅಪ್ಪನಿಗೆ ಸಂಜೆಯಾದರೆ ಕಣ್ಣು ಮಂಜು. ನೀರಿನ ಕಡೆ ಮುಖ ಮಾಡಿ ಐದು ನಿಮಿಷ ನಿಂತರು. "ನೀರು ಕಾಣ್ತಿದೆಯಾ ಅಪ್ಪಾ?" ಅಂದೆ. "ಸಪ್ಪಳ ಕೇಳ್ತದೆ" ಅಂದರು. ಹೊಸಪೇಟೆಗೆ ಇನ್ನೂ ಮೂರು ಗಂಟೆ ದಾರಿ, ರೂಮ್ ಬುಕ್ ಆಗಿತ್ತು, ಹೊರಟುಬಿಟ್ಟೆವು. ಆ ರೂಮಿನ ದುಡ್ಡು ಹೋದರೆ ಹೋಗಲಿ ಅಂತ ಮುದ್ದೇಬಿಹಾಳಕ್ಕೆ ವಾಪಸ್ ಹೋಗಿ ಉಳಿಯಬಹುದಿತ್ತು. ನನಗೆ ಹೊಳೆಯಲೇ ಇಲ್ಲ. ಅದೇ ವರ್ಷ ಅಪ್ಪನಿಗೆ ಸೊಂಟದ ಮೂಳೆ ಮುರಿಯಿತು. ಆಮೇಲೆ ಅಷ್ಟು ದೂರ ಕೂತು ಬರಲು ಆಗಲಿಲ್ಲ.

ಈಗ ನಿಮ್ಮ 'ನೋಡೋಕೆ ಏನಿದೆ' ಅನ್ನುವ ಪ್ರಶ್ನೆ. ಆ ಪ್ರಶ್ನೆ ಇಟ್ಟುಕೊಂಡು ಹೋದರೆ ನಿರಾಸೆಯಾಗುತ್ತದೆ. ಕೋಟೆ, ಗುಮ್ಮಟ ನೋಡಬೇಕಾದರೆ ವಿಜಯಪುರದಲ್ಲೇ ಇನ್ನೊಂದು ದಿನ ಇರಿ. ಇಲ್ಲಿರುವುದು ಎರೆ ಹೊಲ, ಹೊಳೆ, ಆಕಾಶ. ಆ ಹೊಳೆಯೂ ಆಗಿನ ಹಾಗಿಲ್ಲ, ನಾರಾಯಣಪುರ ಅಣೆಕಟ್ಟಿನ ಹಿನ್ನೀರು ತುಂಬಿ ಅಗಲವಾಗಿದೆ. ಆದರೂ ಹೋಗಿ ಅಂತಲೇ ಹೇಳುತ್ತೇನೆ, ಯಾಕೆಂದರೆ ಆ ಯುದ್ಧದ ಅರ್ಧ ಕಥೆ ಹೊಳೆಯ ಕಥೆ.

ಮುಂದಿನ ಜನವರಿಯಲ್ಲಿ ನಾನೂ ಮಕ್ಕಳೂ ಬೆಳಿಗ್ಗೆ ಎಂಟಕ್ಕೇ ಅಲ್ಲಿದ್ದೆವು. ಅಪ್ಪ ಹೇಳಿಕೊಟ್ಟಿದ್ದನ್ನು ದಡದಲ್ಲಿ ನಿಂತು ಹೇಳಿದೆ. ಹೊಳೆ ಹಾಯುವ ಜಾಗವನ್ನು, ವಿಜಯನಗರದ ಆಡಳಿತ ನಡೆಸುತ್ತಿದ್ದ ರಾಮರಾಯನ ಸೈನ್ಯ ಆಚೆ ದಡದಿಂದ ಕಾಯುತ್ತಿತ್ತು. ಸುಲ್ತಾನರು ಬೇರೆ ಕಡೆ ಹಾಯುವವರ ಹಾಗೆ ದಡದುದ್ದಕ್ಕೂ ಮೂರು ದಿನ ನಡೆದರು. ಆಚೆಯವರೂ ಅವರಿಗೆ ಸರಿಸಮನಾಗಿ ನಡೆದರು. ಆಮೇಲೆ ರಾತ್ರೋರಾತ್ರಿ ಹಿಂದಕ್ಕೆ ತಿರುಗಿ ಮೊದಲಿನ ಜಾಗದಲ್ಲೇ ದಾಟಿಬಿಟ್ಟರು. ಇದನ್ನು ಕ್ಲಾಸಿನಲ್ಲಿ ಕೇಳಿದರೆ ಒಂದು ವಾಕ್ಯ. ದಡದಲ್ಲಿ ನನ್ನ ಮಗ ಇತ್ತ, ಮಗಳು ಹತ್ತು ಮಾರು ಆಚೆ ನಿಂತು ನಡೆದು ನೋಡಿದರು. ಅವನು ತಟ್ಟನೆ ತಿರುಗಿ ಓಡಿದ. ಅವಳಿಗೆ ಗೊತ್ತಾಗುವಷ್ಟರಲ್ಲಿ ಹೋಗಿಯಾಗಿತ್ತು. "ಇಷ್ಟೇನಾ?" ಅಂದಳು. ಅವಳ ಮುಖ ಸಣ್ಣಗಾಗಿತ್ತು. ಇಷ್ಟೇ. ಮುದುಕ ರಾಮರಾಯನನ್ನು ಹಿಡಿದು ತಲೆ ಕಡಿದರು, ಅವನ ತಮ್ಮ ತಿರುಮಲ ಖಜಾನೆ ಆನೆಗಳ ಮೇಲೆ ಹೇರಿಕೊಂಡು ಪೆನುಕೊಂಡೆಗೆ ಹೋದ, ಹಂಪಿಯ ಲೂಟಿ ತಿಂಗಳುಗಟ್ಟಲೆ ನಡೆಯಿತು.

ಒಂದು ಮಾತು ಕಟ್ಟುನಿಟ್ಟಾಗಿ ಹೇಳುತ್ತೇನೆ. ಮಕ್ಕಳಿಗೆ ಇದನ್ನು ಎರಡು ಧರ್ಮಗಳ ಜಗಳ ಅಂತ ಮಾತ್ರ ಹೇಳಿ ಮುಗಿಸಬೇಡಿ. ಈ ಇಬ್ರಾಹಿಂ ಕುತುಬ್‌ಶಾಹ ಪಟ್ಟಕ್ಕೆ ಬರುವ ಮುಂಚೆ ಏಳು ವರ್ಷ ವಿಜಯನಗರದಲ್ಲಿ ರಾಮರಾಯನ ಆಶ್ರಯದಲ್ಲೇ ಇದ್ದವನು. ಅಲಿ ಆದಿಲ್‌ಶಾಹ, ರಾಮರಾಯನ ಮಗ ತೀರಿಕೊಂಡಾಗ ಸಾಂತ್ವನ ಹೇಳಲು ವಿಜಯನಗರಕ್ಕೇ ಬಂದಿದ್ದ. ಒಂದು ಕಾಲಕ್ಕೆ ಅವನೂ ರಾಮರಾಯನೂ ಸೇರಿ ಅಹಮದ್‌ನಗರದ ಮೇಲೆ ಬಿದ್ದಿದ್ದರು. ಒಬ್ಬರ ಮನೆಯಲ್ಲಿ ಒಬ್ಬರು ಉಂಡವರು. ಅಪ್ಪ ಇದನ್ನು ಹೇಳುವಾಗ ಪ್ರತಿ ಸಲ ಸೀಮೆಸುಣ್ಣ ಕೆಳಗಿಡುತ್ತಿದ್ದರು.

ಆವತ್ತು ದಡದಿಂದಲೇ ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆವು. "ನೀರು ಯಾವ ಕಡೆ ಹರೀತದೆ ತೋರಿಸು" ಅಂದರು. ಹಿನ್ನೀರಲ್ಲಿ ಹರಿವು ಕಾಣುವುದಿಲ್ಲ. ಮಗಳು ಒಂದು ಒಣ ಜೋಳದ ಕಡ್ಡಿ ಎಸೆದಳು. ತುಂಬ ಹೊತ್ತು ನಿಂತಲ್ಲೇ ನಿಂತಿತ್ತು. ಆಮೇಲೆ ನಿಧಾನವಾಗಿ ಎಡಗಡೆಗೆ ಸರಿಯಿತು. ಅಪ್ಪ ಕನ್ನಡಕ ಏರಿಸಿಕೊಂಡು, "ಕೈ ಅಲ್ಲಾಡಿಸಬೇಡ, ಹಂಗೇ ಹಿಡಿ" ಅಂದರು. ಅವಳು ಎರಡೂ ಕೈಯಲ್ಲಿ ಫೋನು ಹಿಡಿದು ನಿಂತಳು.

ನೀವು ಮಾಡಬೇಕಾದ್ದು ಇಷ್ಟು. ಒಂದು ಗಂಟೆಯ ಯೋಚನೆ ಬಿಟ್ಟುಬಿಡಿ, ಅರ್ಧ ದಿನ ಇಡಿ. ಹಿಂದಿನ ರಾತ್ರಿ ಮುದ್ದೇಬಿಹಾಳದಲ್ಲೋ ಕೂಡಲಸಂಗಮದಲ್ಲೋ ಉಳಿಯಿರಿ, ಬೆಳಿಗ್ಗೆ ಹೊಳೆ ನೋಡಿ. ತಂಗಡಗಿಯಲ್ಲಿ ನೀಲಾಂಬಿಕೆಯ ಐಕ್ಯಸ್ಥಳವೂ ಇದೆ, ಮನೆಯ ಹಿರಿಯರಿಗೆ ಅದೇ ಜಾಸ್ತಿ ಹಿಡಿಸೀತು. ಹಂಪಿಯನ್ನು ಆಮೇಲೆ ಇಟ್ಟುಕೊಳ್ಳಿ, ಮೊದಲು ಬೇಡವೇ ಬೇಡ. ಹೊಳೆಯ ದಡದಲ್ಲಿ ನಿಂತು ಬಂದ ಮಕ್ಕಳು ವಿಠ್ಠಲ ದೇವಸ್ಥಾನದ ಮುರಿದ ಕಂಬವನ್ನು ಬೇರೆ ಥರ ಮುಟ್ಟುತ್ತಾರೆ, ನಾನು ಕಣ್ಣಾರೆ ನೋಡಿದ್ದೇನೆ.

ಯಾವ ತಿಂಗಳು ಹೊರಡುತ್ತೀರಿ ಅಂತ ಬರೆದಿಲ್ಲ. ಮಳೆಗಾಲವಾದರೆ ಡಾಂಬರು ಬಿಟ್ಟು ಕಾರು ಇಳಿಸಬೇಡಿ. ಎರೆ ಮಣ್ಣು ಚಕ್ರಕ್ಕೆ ಹಿಟ್ಟಿನ ಹಾಗೆ ಮೆತ್ತಿಕೊಳ್ಳುತ್ತದೆ, ಎತ್ತಿನಿಂದಲೇ ಎಳೆಸಬೇಕಾಗುತ್ತದೆ. ಜನವರಿಯಾದರೆ ಸೀತನಿ ಸಿಗುತ್ತದೆ, ಹಸಿ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು ಬಡಿದು ಬಿಸಿಬಿಸಿ ಕಾಳು ಕೈಗೆ ಹಾಕುತ್ತಾರೆ. ಬೆಲ್ಲ ನಂಚಿಕೊಂಡು ತಿನ್ನಿ. ಹೊಲಕ್ಕೆ ಕಾಲಿಡುವ ಮುಂಚೆ ರೈತರನ್ನು ಒಂದು ಮಾತು ಕೇಳಿ. ಹೊರಡುವ ಮುಂಚೆ ಮನೆಯಲ್ಲಿ ಗೊತ್ತಿರುವವರನ್ನೂ ಕೇಳಿ.